ಐಡಿ ಕೇಳಿದ್ರೆ 17 ಅಂತದೆ, ತಲೆ ಕೆಟ್ಟೋಯ್ತು

ಬೆಲ್ಲದಚ್ಚು: ಮಂಡ್ಯದಲ್ಲಿ ನಮ್ ಭಾವನ ಬೆಲ್ಲದ ಮಂಡಿಗೆ ನಾನೇ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಮ್. ಎರಡು ವರ್ಷ ಕಮಕ್ ಕಿಮಕ್ ಅಂದಿರ್ಲಿಲ್ಲ. ಸೋಮವಾರದಿಂದ ಡೇಟಾಬೇಸ್‌ಗೆ ಬಿಲ್ ಸೇರಿಸಿ ಅದರ ಐಡಿ (ಬಿಲ್ ನಂಬರ್) ಕೇಳಿದ್ರೆ, 4312 ಬರಬೇಕಾದ ಕಡೆ 17 ಬತ್ತದೆ. ಅಚ್ಚುಬೆಲ್ಲ, ಉಂಡೆಬೆಲ್ಲದ ಸಾಲುಗಳೆಲ್ಲ ಯಾವನೋ ಹಳೇ ಗಿರಾಕಿಯ 17ನೇ ಬಿಲ್ಲಿಗೆ ಹೋಗಿ ಕೂತವೆ. ಕೋಡ್ ಒಂದಕ್ಷರ ಮುಟ್ಟಿಲ್ಲ, ದೇವ್ರಾಣೆ.

ಸಾವಿರಮೆಟ್ಲು: ಕನೆಕ್ಷನ್ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನ ತೆರೆದಿಟ್ಟು ಮತ್ತೆ ಮತ್ತೆ ಬಳಸೋದು), ಕಣ್ಮುಚ್ಚಿ ಹೇಳ್ತೀನಿ. ಮೈಎಸ್‌ಕ್ಯೂಎಲ್‌ನಲ್ಲಿ ಕೊನೇ ಐಡಿ ಕೊಡೋ ಲಾಸ್ಟ್_ಇನ್ಸರ್ಟ್_ಐಡಿ() ಲೆಕ್ಕ ಇಡೋದು ಕನೆಕ್ಷನ್ ಕನೆಕ್ಷನ್‌ಗೆ ಬೇರೆ ಬೇರೆ. ಸೇರಿಸೋದು ಒಂದರಲ್ಲಿ, ಕೇಳೋದು ಇನ್ನೊಂದರಲ್ಲಿ ಅಂದ್ರೆ ಹಳೇದೇ ಸಿಗೋದು.

ಬೆಲ್ಲದಚ್ಚು: ಪೂಲ್ ಆಫ್ ಮಾಡ್ದೆ. ಈಗ 23.

ಸಾವಿರಮೆಟ್ಲು: ಸರಿಯಾಗಿ ಆಫ್ ಆಗಿರಲ್ಲ.

ಹಿನ್ನೀರು: ಮ್ಯಾಕ್ಸ್(ಐಡಿ), ಅಂದ್ರೆ ಇರೋದ್ರಲ್ಲಿ ದೊಡ್ಡ ಐಡಿ, ಹಾಕಿ ಮಲ್ಕೊಳ್ಳಿ ಸಾರ್.

ಗಾಣದೆತ್ತು: ಅಯ್ಯೋ ಪುಣ್ಯಾತ್ಮ, ಎರಡು ಕೌಂಟರ್‌ನಲ್ಲಿ ಒಟ್ಟಿಗೆ ಬಿಲ್ ಹಾಕಿದ್ರೆ ಇವನ ಬೆಲ್ಲ ಅವನ ಲೆಕ್ಕಕ್ಕೆ!

ಒಂಟಿಕೊಪ್ಪಲ್_ಬಾಯ್: ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬನ್ನಿ. ಇನ್ಸರ್ಟ್ ಕೊನೇಲಿ ರಿಟರ್ನಿಂಗ್ ಐಡಿ, ಮುಗೀತು. ನಂದು ಮನೇಲೇ ಸರ್ವರ್, 64 ಜಿಬಿ ರ‍್ಯಾಮ್, ಕರೆಂಟ್ ಹೋದ್ರೂ ನಾಕು ಗಂಟೆ ಯುಪಿಎಸ್.

ಗಾಣದೆತ್ತು: ಕೊಚ್ಕೊಳೋದು ಆಮೇಲೆ. ಅಣ್ಣ, ಯಾವ ಡೇಟಾಬೇಸ್ ಅಂತಾನೇ ಹೇಳಿಲ್ವಲ್ಲ? 17, 23... ಹೊಸ ಟೇಬಲ್‌ನ ಎಣಿಕೆ ಇದ್ದಂಗಿದೆ.

ಬೆಲ್ಲದಚ್ಚು: ಎಸ್‌ಕ್ಯೂಎಲ್ ಸರ್ವರ್, ಇನ್ನೇನು. ಐಡಿ ಕೇಳೋದು @@ಐಡೆಂಟಿಟಿಲಿ. ಭಾನುವಾರ ರಾತ್ರಿ ಒಂದು ಟ್ರಿಗರ್ (ಬಿಲ್ ಸೇರಿದಾಗೆಲ್ಲ ತಾನಾಗೇ ಓಡೋ ಕೋಡ್) ಹಾಕ್ದೆ ಅಷ್ಟೆ, ಯಾರು ಬಿಲ್ ಮಾಡಿದ್ರು ಅಂತ ದಾಖಲೆ ಟೇಬಲ್‌ಗೆ ಬರೆಯಕ್ಕೆ.

ಗಾಣದೆತ್ತು: ‘ಅಷ್ಟೆ’ ಅಂತೆ! @@ಐಡೆಂಟಿಟಿ ಆ ಸೆಷನ್‌ನಲ್ಲಿ ಕಟ್ಟಕಡೆಗೆ ಹುಟ್ಟಿದ ಐಡಿ ಕೊಡುತ್ತೆ, ಯಾವ ಟೇಬಲ್ಲು ಅಂತ ನೋಡಲ್ಲ. 17 ನಿಮ್ಮ ದಾಖಲೆ ಟೇಬಲ್‌ದು. ಸ್ಕೋಪ್_ಐಡೆಂಟಿಟಿ() ಹಾಕಿ, ಅದು ಟ್ರಿಗರ್ ಹುಟ್ಟಿಸಿದ್ದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಹಿನ್ನೀರು: ಔಟ್‌ಪುಟ್ ಇನ್ಸರ್ಟೆಡ್.ಐಡಿ ಇನ್ನೂ ಒಳ್ಳೇದು, ಸೇರಿಸೋವಾಗ್ಲೇ ಐಡಿ ಕೊಡುತ್ತೆ.

ಗಾಣದೆತ್ತು: ಟ್ರಿಗರ್ ಇರೋ ಟೇಬಲ್‌ಗೆ ಇಂಟು (INTO) ಇಲ್ಲದೆ ಔಟ್‌ಪುಟ್ ಹಾಕಿದ್ರೆ ಎರರ್ ಹೊಡೆಯುತ್ತೆ. ಒಮ್ಮೆ ಹಾಕಿ ನೋಡಿದೀರಾ?

ಬೆಲ್ಲದಚ್ಚು: ಜಗಳ ಬುಡ್ರಪ್ಪ. ಸ್ಕೋಪ್ ಹಾಕ್ದೆ, ನಲ್ (ಖಾಲಿ) ಬಂತು!!

ಗಾಣದೆತ್ತು: ಬೇರೆ ಕಮ್ಯಾಂಡ್‌ನಲ್ಲಿ ಕೇಳ್ತಿದೀರ. ಇನ್ಸರ್ಟ್ ಜೊತೆಗೇ ಒಂದೇ ಬ್ಯಾಚ್‌ನಲ್ಲಿ ಕಳಿಸಿ.

ಬೆಲ್ಲದಚ್ಚು: ಬಂತು ಗುರು, 4327! ಆದ್ರೆ 1ರಿಂದ 30ರವರೆಗಿನ ಹಳೇ ಬಿಲ್ಲಿಗೆಲ್ಲ ಹೊಸ ಬೆಲ್ಲ ಅಂಟ್ಕೊಂಡೈತೆ. ಭಾವಂಗೆ ಇನ್ನೂ ಹೇಳಿಲ್ಲ.

ಗಾಣದೆತ್ತು: ದಾಖಲೇಲಿ ಬಿಲ್ ಐಡಿ ಬರೆದಿದೀರಾ? ಹಂಗಾದ್ರೆ ಬಚಾವ್. ದಾಖಲೆ 17ರ ಪಕ್ಕ 4312 ಇರುತ್ತೆ. ಸೋಮವಾರದಿಂದೀಚೆಗಿನ ಸಾಲುಗಳನ್ನ ಮಾತ್ರ ಆ ದಾಖಲೆ ಟೇಬಲ್‌ಗೆ ಜಾಯಿನ್ ಮಾಡಿ (ಜೋಡಿಸಿ) ಬಿಲ್ ಐಡಿ ಅಪ್‌ಡೇಟ್ ಹೊಡೀರಿ. ಮೊದಲು ಬ್ಯಾಕಪ್.

ಬೆಲ್ಲದಚ್ಚು: ಬರೆದಿದೀನಿ! ರಾತ್ರಿ ಮಂಡಿ ಮುಚ್ಚಿದ ಮೇಲೆ ಕೂತ್ಕೋತೀನಿ.

ಸಾವಿರಮೆಟ್ಲು: ಪೂಲ್ ಮಾತ್ರ ಆನ್ ಮಾಡ್ಬೇಡಿ. ನನಗಿನ್ನೂ ಅನುಮಾನ ಇದೆ.