ಮನೆಯ ಒಬ್ಬರನ್ನು ಕೇಳಿದರೆ ಕುಟುಂಬವನ್ನೇ ಕೇಳಿದಂತಾಗುವುದೇ?

ಪ್ರಶ್ನೆ: ಪಡಸಾಲೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಹಿರಿಯರೊಬ್ಬರಿಗೆ ಲಕ್ವಾ ಹೊಡೆದ ಮೇಲೆ ಆ ಮನೆಯ ಕೆಲಸ, ಖರ್ಚು ಮತ್ತು ಮಾತುಕತೆ ಹೇಗೆ ಬದಲಾಗುತ್ತವೆ ಎಂಬುದು ನನ್ನ ಪ್ರಬಂಧದ ವಿಷಯ. ಇದುವರೆಗೆ 22 ಮನೆಗಳಿಗೆ ಹೋಗಿ, ಪ್ರತಿ ಮನೆಯಲ್ಲಿ ಆರೈಕೆ ಮಾಡುವ ಒಬ್ಬರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದೇನೆ. ಅದನ್ನು ನೋಡಿದ ಮಾರ್ಗದರ್ಶಕರು, "ಇದು 22 ಸೊಸೆಯಂದಿರ ಅಧ್ಯಯನವಾಯಿತೇ ಹೊರತು 22 ಕುಟುಂಬಗಳ ಅಧ್ಯಯನವಾಗಲಿಲ್ಲ. ಕುಟುಂಬವನ್ನು ಒಂದು ವ್ಯವಸ್ಥೆಯಾಗಿ ನೋಡಿ" ಎಂದು ಹೇಳಿ ಹಾಳೆಗಳನ್ನು ಹಿಂದಿರುಗಿಸಿದರು.

ಅವರ ಮಾತು ನನಗೆ ಅರ್ಧ ಅರ್ಥವಾಗಿದ್ದು ಒಂದು ಮನೆಯ ಅನುಭವದಿಂದ. "ಹಿರಿಯರಿಗೆ ಮಾತ್ರೆ ಕೊಡುವವರು ಯಾರು?" ಎಂದು ಕೇಳಿದೆ. ಸೊಸೆ "ನಾನೇ" ಎಂದರು. ಒಳಗಿನಿಂದ ಅತ್ತೆ, "ನಾನು ನೆನಪು ಮಾಡದಿದ್ದರೆ ಯಾರು ಕೊಡುತ್ತಾರೆ?" ಎಂದರು. ಮಗ ಮೊಬೈಲಿನಿಂದ ತಲೆಯೆತ್ತಿ, ಮಾತ್ರೆ ತರುವವನು ತಾನು ಎಂದು ಹೇಳಿದರು. ಮಾತು ತೊದಲುತ್ತಿದ್ದ ಅಜ್ಜ ಮಾತ್ರ ಏನೂ ಹೇಳದೆ, ಎಡಗೈ ಎತ್ತಿ ಮೂಲೆಯಲ್ಲಿ ಕುಳಿತು ಹೋಂವರ್ಕ್ ಬರೆಯುತ್ತಿದ್ದ ಮೊಮ್ಮಗಳನ್ನು ತೋರಿಸಿದರು. ನನ್ನ ಹಾಳೆಯಲ್ಲಿ ಗುರುತು ಹಾಕಲು ಇದ್ದದ್ದು ಒಂದೇ ಚೌಕ.

ವ್ಯವಸ್ಥೆ ಎಂದರೆ ಇಲ್ಲಿ ನಿಖರವಾಗಿ ಏನು, ಅದನ್ನು ಸಂಶೋಧಕರು ಹೇಗೆ ಹಿಡಿಯುತ್ತಾರೆ, ಈಗಾಗಲೇ ತುಂಬಿಸಿದ 22 ಹಾಳೆಗಳು ವ್ಯರ್ಥವೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಡುಮನೆ

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಬಹಳ ವರ್ಷ ಕೆಲಸ ಮಾಡಿದವಳು. ನಿಮ್ಮ ಮಾತ್ರೆಯ ಪ್ರಸಂಗದಲ್ಲಿಯೇ ಉತ್ತರವಿದೆ. ಆ ನಾಲ್ವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ತರುವವರು, ನೆನಪಿಸುವವರು, ಕೈಗೆ ಕೊಡುವವರು, ಅಜ್ಜ ಯಾರ ಕೈಯಿಂದ ಒಪ್ಪಿ ನುಂಗುತ್ತಾರೋ ಆ ಮಗು, ಇವರೆಲ್ಲರ ನಡುವೆ ಹಂಚಿಹೋಗಿರುವ ಒಂದು ಕೆಲಸವನ್ನು ನೀವು ಒಬ್ಬರ ಗುಣವೆಂಬಂತೆ ಅಳೆಯಲು ಹೊರಟಿದ್ದಿರಿ. ಕುಟುಂಬ ಒಂದು ವ್ಯವಸ್ಥೆ ಎನ್ನುವವರು ಹೇಳುವುದು ಇಷ್ಟೇ: ಒಬ್ಬರ ನಡೆ ಇನ್ನೊಬ್ಬರ ನಡೆಗೆ ಕಾರಣವೂ ಹೌದು, ಪರಿಣಾಮವೂ ಹೌದು. ಅತ್ತೆ ನೆನಪಿಸಿದಷ್ಟೂ ಸೊಸೆ ತಾನಾಗಿ ನೆನಪಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ, ಸೊಸೆ ಮರೆತಷ್ಟೂ ಅತ್ತೆ ನೆನಪಿಸುವುದು ಹೆಚ್ಚುತ್ತದೆ. ಇದು ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಜಾಗ ತೋರಿಸುತ್ತಾರೆ.

ಈ ದೃಷ್ಟಿಯ ಹಿಂದೆ ಲುಡ್ವಿಗ್ ಫಾನ್ ಬರ್ಟಲಾನ್ಫಿ ಎಂಬ ಜೀವವಿಜ್ಞಾನಿ ರೂಪಿಸಿದ ಸಾಮಾನ್ಯ ವ್ಯವಸ್ಥಾ ಸಿದ್ಧಾಂತವಿದೆ. ಮನೋವೈದ್ಯ ಡಾನ್ ಜಾಕ್ಸನ್ 1957ರಲ್ಲಿ ಕುಟುಂಬದ ಸಮಸ್ಥಿತಿಯ ಬಗ್ಗೆ ಬರೆದರು. ಒಬ್ಬ ರೋಗಿ ಚೇತರಿಸಿಕೊಂಡಾಗ ಮನೆಯ ಇನ್ನೊಬ್ಬರು ಕುಸಿಯುವುದನ್ನು ಗಮನಿಸಿ, ದೇಹವು ತನ್ನ ಉಷ್ಣತೆಯನ್ನು ಕಾಯ್ದುಕೊಳ್ಳುವಂತೆ ಕುಟುಂಬವೂ ತನ್ನ ರೂಢಿಯ ಸಮತೋಲನಕ್ಕೆ ಮರಳಲು ಎಳೆಯುತ್ತದೆ ಎಂದು ಅವರು ವಾದಿಸಿದರು. ಮನೋವೈದ್ಯ ಮರ್ರೆ ಬೋವೆನ್ ಇನ್ನೂ ಮುಂದೆ ಹೋದರು. 1954ರಿಂದ 1959ರವರೆಗೆ ಅಮೆರಿಕದ ಬೆತೆಸ್ಡಾದಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದ ಯುವಜನರ ತಂದೆತಾಯಿ, ಒಡಹುಟ್ಟಿದವರನ್ನೂ ಅದೇ ವಾರ್ಡಿನಲ್ಲಿ ಇರಿಸಿಕೊಂಡು ಅವರ ದೈನಂದಿನ ಒಡನಾಟವನ್ನು ದಾಖಲಿಸಿದರು. ಅವರು ಗುರುತಿಸಿದ ತ್ರಿಕೋನವನ್ನು ನೀವು ನೋಡಿಯೇ ಇರುತ್ತೀರಿ: ಇಬ್ಬರ ನಡುವೆ ಬಿಗುವು ಬಂದಾಗ ಮೂರನೆಯವರನ್ನು ನಡುವೆ ತರುತ್ತಾರೆ. ಸೊಸೆಗೆ ನೇರವಾಗಿ ಹೇಳದೆ "ನಿನ್ನ ಹೆಂಡತಿಗೆ ಹೇಳು" ಎಂದು ಮಗನಿಗೆ ಹೇಳುವ ಮನೆ ನಮ್ಮಲ್ಲಿ ಯಾವ ಬೀದಿಯಲ್ಲಿಲ್ಲ?

ನಮ್ಮ ದೇಶದಲ್ಲಿ ಇದಕ್ಕೆ ಬೇರೆಯದೇ ದಾರಿಯೊಂದಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆವರಣದಲ್ಲಿಯೇ ಡೇರೆ ಹಾಕಿಸಿ ಉಳಿಸಿಕೊಂಡರು. ಸಿದ್ಧಾಂತಕ್ಕಿಂತ ಹೆಚ್ಚಾಗಿ ಹಾಸಿಗೆಗಳ ಮತ್ತು ಸಿಬ್ಬಂದಿಯ ಕೊರತೆ ಅದಕ್ಕೆ ದಾರಿಯಾಯಿತು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಭಟ್ಟಿ ಮತ್ತು ಅವರ ಸಹೋದ್ಯೋಗಿಗಳು ಭಾರತೀಯ ಕುಟುಂಬಗಳಿಗೆಂದೇ ಕುಟುಂಬ ಒಡನಾಟದ ಮಾಪಕವೊಂದನ್ನು ರೂಪಿಸಿ 1986ರಲ್ಲಿ ಪ್ರಕಟಿಸಿದರು. ನೀವು ಅದನ್ನು ಹುಡುಕಿ ಓದಬೇಕು. ಹೊರದೇಶದ ಮಾಪಕಗಳನ್ನು ಹಾಗೆಯೇ ಇಳಿಸಿಕೊಂಡರೆ, ಒಂದೇ ಕೋಣೆಯಲ್ಲಿ ಐವರು ಮಲಗುವ ಮನೆಯೆಲ್ಲವೂ "ಅತಿ ಹೆಣೆದುಕೊಂಡ", ಅಂದರೆ ಒಬ್ಬರ ಬದುಕಿನಲ್ಲಿ ಇನ್ನೊಬ್ಬರು ಮಿತಿಮೀರಿ ಬೆರೆತಿರುವ, ಕುಟುಂಬವೆಂದು ಅಂಕ ಪಡೆಯುವ ಅಪಾಯವಿದೆ.

ಸಂದರ್ಶನಕ್ಕೆ ಒಂದು ಸಲಹೆ. 1980ರ ಸುಮಾರಿಗೆ ಇಟಲಿಯ ಮಿಲಾನ್ ತಂಡದ ಕುಟುಂಬ ಚಿಕಿತ್ಸಕರು ಪ್ರಸಿದ್ಧಿಗೆ ತಂದ ವರ್ತುಲ ಪ್ರಶ್ನೆಗಳನ್ನು ಬಳಸಿ ನೋಡಿ. "ನಿಮಗೆ ಬೇಸರವಾಗುತ್ತದೆಯೇ?" ಎನ್ನುವ ಬದಲು, "ನಿಮ್ಮ ಅತ್ತೆಗೆ ಬೇಸರವಾದರೆ ಮನೆಯಲ್ಲಿ ಮೊದಲು ಯಾರಿಗೆ ತಿಳಿಯುತ್ತದೆ, ಆಗ ಅವರು ಏನು ಮಾಡುತ್ತಾರೆ?" ಎಂದು ಕೇಳಿ. ತಮ್ಮ ಬಗ್ಗೆ ಬಾಯಿ ಬಿಡದವರೂ ಇನ್ನೊಬ್ಬರ ಬಗ್ಗೆ ಕೇಳಿದರೆ ಮನೆಯ ನಕ್ಷೆಯನ್ನೇ ಬಿಡಿಸಿಡುತ್ತಾರೆ.

ಉತ್ತರ: ಒಲೆ ಲೆಕ್ಕ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಬಾಕಿ ಇದೆ: ವ್ಯವಸ್ಥೆಯ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂಬ ಎಲ್ಲೆಯನ್ನು ಗುರುತಿಸುವುದು. ನಮ್ಮ ಜನಗಣತಿ ಮನೆತನವನ್ನು ಎಣಿಸುವುದು ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪಾಗಿ. ಒಲೆ ಬೇರೆಯಾದರೆ ಲೆಕ್ಕವೂ ಬೇರೆ. ಆದರೆ ಒಲೆ ಬೇರೆಯಾದ ಅಣ್ಣತಮ್ಮಂದಿರು ಹೊಲವನ್ನು ಒಟ್ಟಿಗೆ ಉಳುತ್ತಿರಬಹುದು, ಆಸ್ಪತ್ರೆಯ ಬಿಲ್ಲನ್ನು ಹಂಚಿಕೊಳ್ಳುತ್ತಿರಬಹುದು. ಗುಜರಾತಿನ ಮಹುವಾ ಪಟ್ಟಣವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಐ. ಪಿ. ದೇಸಾಯಿ ಈ ಕಾರಣಕ್ಕಾಗಿಯೇ, ಅವಿಭಕ್ತತೆಯನ್ನು ಒಂದೇ ಸೂರಿನಿಂದ ಅಳೆಯದೆ ಆಸ್ತಿ, ಆದಾಯ ಮತ್ತು ಪರಸ್ಪರ ಬಾಧ್ಯತೆಗಳಿಂದ ಅಳೆಯಬೇಕೆಂದರು. ಎ. ಎಂ. ಷಾ ಅವರು ಮನೆತನ ಮತ್ತು ಕುಟುಂಬ ಎಂಬ ಎರಡನ್ನೂ ಬೆರೆಸಬಾರದೆಂದು ಪಟ್ಟು ಹಿಡಿದರು. ದಕ್ಷಿಣ ಕನ್ನಡದ ಅಳಿಯಸಂತಾನದವರಲ್ಲಂತೂ "ಕುಟುಂಬ" ಎಂಬ ಪದಕ್ಕೆ ತಾಯಿಯ ಕಡೆಯ ಸಂತತಿ ಎಂಬ ಕಾನೂನಿನ ಅರ್ಥವೇ ಇತ್ತು. ಆ ಲೆಕ್ಕದಲ್ಲಿ ಮಕ್ಕಳ ತಂದೆ ಬೇರೊಂದು ಕುಟುಂಬದವನು.

ನಿಮ್ಮ 22 ಮನೆಗಳಲ್ಲಿ ಮದುವೆಯಾಗಿ ಬೇರೆ ಊರಿನಲ್ಲಿರುವ ಹೆಣ್ಣುಮಕ್ಕಳನ್ನು ಎಲ್ಲಿಯಾದರೂ ಲೆಕ್ಕಕ್ಕೆ ಹಿಡಿದಿದ್ದೀರಾ? ದಿನವೂ ಫೋನ್ ಮಾಡಿ "ಅಪ್ಪನಿಗೆ ಏನು ಕೊಟ್ಟಿರಿ?" ಎಂದು ವಿಚಾರಿಸುವ ಮಗಳು ಆ ಅಡುಗೆಮನೆಯಲ್ಲಿ ಉಣ್ಣುವುದಿಲ್ಲ, ಆದರೂ ಆ ಮನೆಯ ನಿರ್ಧಾರಗಳಲ್ಲಿ ಅವಳ ಕೈಯಿದ್ದೇ ಇರುತ್ತದೆ. ಪ್ರತಿ ಮನೆಗೂ ಮೂರು ತಲೆಮಾರಿನ ಜಿನೋಗ್ರಾಂ, ಅಂದರೆ ಬಾಂಧವ್ಯಗಳನ್ನೂ ತೋರಿಸುವ ವಂಶವೃಕ್ಷದ ನಕ್ಷೆ, ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಬಾಂಧವ್ಯದ ಬಗೆಗೆ ತಕ್ಕ ಗೆರೆಗಳು. ಅದನ್ನು ಮನೆಯವರ ಎದುರಿಗೇ ಬರೆದರೆ ಅವರೇ ತಿದ್ದುತ್ತಾರೆ, ಆ ತಿದ್ದುಪಡಿಗಳನ್ನು ಟಿಪ್ಪಣಿ ಮಾಡಿಕೊಳ್ಳಿ.

ಸಾಧ್ಯವಾದರೆ ಕೇಳುವುದರ ಜೊತೆಗೆ ನೋಡುವುದಕ್ಕೂ ಸಮಯ ಕೊಡಿ. ಈ ಶತಮಾನದ ಆರಂಭದಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ಗಂಡಹೆಂಡಿರಿಬ್ಬರೂ ದುಡಿಯುವ 32 ಮನೆಗಳಲ್ಲಿ ಕ್ಯಾಮೆರಾ ಹಿಡಿದು ಹಿಂಬಾಲಿಸಿ, ಸುಮಾರು 1,500 ಗಂಟೆಗಳ ಚಿತ್ರೀಕರಣ ಮಾಡಿದರು. ಒತ್ತಡದ ಹಾರ್ಮೋನನ್ನು ಅಳೆಯಲು ಮನೆಯವರ ಜೊಲ್ಲಿನ ಮಾದರಿಯನ್ನೂ ತೆಗೆದುಕೊಂಡರು. ನಿಮಗೆ ಅಷ್ಟು ಬೇಕಿಲ್ಲ. ಸಂಜೆಯ ಒಂದು ಹೊತ್ತು ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದರೂ ಸಾಕು.

ಉತ್ತರ: ಎದುರು ದಂಡೆ

ಇಬ್ಬರು ಹಿರಿಯರೂ ಬಿಟ್ಟ ಒಂದು ಮಾತನ್ನು ನಾನು ಸೇರಿಸುತ್ತೇನೆ, ಸ್ವಲ್ಪ ಖಾರವಾಗಿಯೇ. "ಎಲ್ಲರೂ ಎಲ್ಲರ ಮೇಲೂ ಪ್ರಭಾವ ಬೀರುತ್ತಾರೆ" ಎಂಬ ಮಾತು ಕೇಳಲು ಚೆಂದ, ಆದರೆ ಎಲ್ಲರ ಬಲ ಒಂದೇ ಅಲ್ಲ. ಹೊಡೆಯುವ ಗಂಡ ಮತ್ತು ಹೊಡೆಸಿಕೊಳ್ಳುವ ಹೆಂಡತಿಯನ್ನು ಒಂದೇ ವರ್ತುಲದ ಎರಡು ಬಿಂದುಗಳೆಂದು ಬರೆದರೆ ಅದು ವಿಜ್ಞಾನವಾಗುವುದಿಲ್ಲ, ಜವಾಬ್ದಾರಿಯನ್ನು ತೇಲಿಸಿಬಿಡುವುದಾಗುತ್ತದೆ. ಮನಶ್ಶಾಸ್ತ್ರಜ್ಞೆ ರೇಚಲ್ ಹೇರ್-ಮಸ್ಟಿನ್ 1978ರಲ್ಲಿಯೇ, ಕುಟುಂಬ ಚಿಕಿತ್ಸೆಯು ಮನೆಯೊಳಗಿನ ಹೆಣ್ಣುಗಂಡಿನ ಅಸಮಾನತೆಯನ್ನು ಕಾಣದೆ ನಡೆಯುತ್ತಿದೆ ಎಂದು ಸ್ತ್ರೀವಾದಿ ನೆಲೆಯಿಂದ ಟೀಕಿಸಿದರು. ಇದಕ್ಕೂ ಹಿಂದೆ, 1948ರಲ್ಲಿ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಕ್‌ಮನ್ ಬಳಸಿದ "ಸ್ಕಿಜೋಫ್ರೇನಿಯಾ ಉಂಟುಮಾಡುವ ತಾಯಿ" ಎಂಬ ಕಲ್ಪನೆಯಿಂದಾಗಿ, ಮಕ್ಕಳ ಕಾಯಿಲೆಯ ಹೊರೆಯ ಜೊತೆಗೆ ಅದರ ಅಪವಾದವನ್ನೂ ಎಷ್ಟೋ ತಾಯಂದಿರು ದಶಕಗಳ ಕಾಲ ಹೊರಬೇಕಾಯಿತು. ಆ ಕಲ್ಪನೆಗೆ ಪುರಾವೆ ಸಿಗಲಿಲ್ಲ.

ಆದ್ದರಿಂದ ನಿಮ್ಮ ಮಾತ್ರೆಯ ಮನೆಯಲ್ಲಿ ಕೆಲಸ ಹೇಗೆ ಹಂಚಿದೆ ಎಂಬುದರ ಜೊತೆಗೆ, ಯಾರು ಬೇಡವೆಂದರೆ ಆ ಮಾತು ನಡೆಯುತ್ತದೆ ಎಂಬುದನ್ನೂ ಕೇಳಿ. ನಿಮ್ಮ ಮಾರ್ಗದರ್ಶಕರು ಹೀಯಾಳಿಸಿದ "ಸೊಸೆಯಂದಿರ ಅಧ್ಯಯನ"ದಲ್ಲಿಯೂ ಹುರುಳಿದೆ: 22 ಮನೆಗಳಲ್ಲಿಯೂ ಹಾಳೆ ಸೊಸೆಯ ಕೈಗೇ ಬಂದದ್ದು ಏಕೆ?

ಉತ್ತರ: ಅಂಕಿಮನೆ

ಲೆಕ್ಕದ ಬಗ್ಗೆ ಎರಡೇ ಮಾತು. ಪ್ರತಿ ಮನೆಯಲ್ಲಿ ಮೂವರನ್ನು ಕೇಳಿದರೆ ನಿಮ್ಮ ಬಳಿ 66 ಸ್ವತಂತ್ರ ಉತ್ತರಗಳಿವೆ ಎಂದು ಭಾವಿಸಬೇಡಿ. ಒಂದೇ ಮನೆಯವರ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಾಗಾಗಿ ಮನೆ ಮತ್ತು ವ್ಯಕ್ತಿ ಎಂಬ ಎರಡು ಹಂತಗಳನ್ನಿಟ್ಟೇ ವಿಶ್ಲೇಷಿಸಬೇಕು. ಮೂವರ ಸರಾಸರಿ ತೆಗೆದು "ಕುಟುಂಬದ ಅಂಕ" ಎಂದು ಬರೆಯುವುದಂತೂ ಬೇಡ, ಏಕೆಂದರೆ ಅವರ ನಡುವಿನ ವ್ಯತ್ಯಾಸವೇ ನೀವು ಹುಡುಕುತ್ತಿರುವ ಮಾಹಿತಿ. 22 ಮನೆಗಳು ಅಂಕಿಅಂಶಕ್ಕೆ ಕಡಿಮೆ, ಆಳವಾದ ಸಂದರ್ಶನಕ್ಕೆ ಹೆಚ್ಚು. ಆರೇಳು ಮನೆಗಳನ್ನು ಆರಿಸಿಕೊಂಡು ಮತ್ತೆ ಹೋಗಿ.

ಪ್ರತಿಕ್ರಿಯೆ: ಪಡಸಾಲೆ

ಎಲ್ಲರಿಗೂ ಕೃತಜ್ಞತೆಗಳು. ಎದುರು ದಂಡೆಯವರ ಪ್ರಶ್ನೆಗೆ ನಿಜವಾದ ಉತ್ತರ ನನ್ನಲ್ಲಿಯೇ ಇದೆ: ಬಾಗಿಲು ತೆರೆದವರು ಸೊಸೆಯಂದಿರು, ನಾನೂ "ಆರೈಕೆ ಮಾಡುವವರು ನೀವೇ ಅಲ್ಲವೇ?" ಎಂದು ಕೇಳಿಬಿಟ್ಟಿದ್ದೆ. ಮಾರ್ಗದರ್ಶಕರೊಂದಿಗೆ ಮಾತನಾಡಿ ಆರು ಮನೆಗಳನ್ನು ಆರಿಸಿಕೊಂಡಿದ್ದೇನೆ. ಉಳಿದ ಹಾಳೆಗಳನ್ನು ಹಿನ್ನೆಲೆ ಮಾಹಿತಿಯಾಗಿ ಬಳಸುತ್ತೇನೆ. ಒಂದು ಅಳುಕು ಉಳಿದಿದೆ. ಒಂದೇ ಮನೆಯ ಮೂವರನ್ನು ಬೇರೆ ಬೇರೆಯಾಗಿ ಕೇಳಿ ಬರೆದರೆ, ಹೆಸರು ಬದಲಿಸಿದರೂ ಆ ಮನೆಯವರು ಪರಸ್ಪರರ ಮಾತನ್ನು ಗುರುತಿಸುವುದಿಲ್ಲವೇ?

ಉತ್ತರ: ನಡುಮನೆ

ಖಂಡಿತ ಗುರುತಿಸುತ್ತಾರೆ. ಊರಿನವರಿಂದ ಮರೆಮಾಡುವುದು ಸುಲಭ, ಅತ್ತೆಯಿಂದ ಸೊಸೆಯ ಮಾತನ್ನು ಮರೆಮಾಡುವುದು ಕಷ್ಟ. ಮುದ್ರಿಸುವ ಮೊದಲು ಪ್ರತಿಯೊಬ್ಬರಿಗೂ ಅವರವರ ಮಾತುಗಳನ್ನಷ್ಟೇ ಓದಿ ಹೇಳಿ, ಬೇಡವೆಂದದ್ದನ್ನು ಕೈಬಿಡಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಪ್ರಶ್ನೆಯ ರೂಪದಲ್ಲಿಯೂ ಒಯ್ಯಬೇಡಿ, ಇಲ್ಲವಾದರೆ ಆ ಮನೆಯ ತ್ರಿಕೋನದ ಮೂರನೆಯ ಮೂಲೆಯಲ್ಲಿ ನೀವೇ ಕುಳಿತಿರುತ್ತೀರಿ. ಆ ಮೊಮ್ಮಗಳನ್ನು ಮಾತನಾಡಿಸುವುದಾದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಆಮೇಲೆ ಅವಳನ್ನೂ ಕೇಳಿ, ಹೋಂವರ್ಕ್ ಮುಗಿದ ಮೇಲೆ.