ಸಹಾಯ ಬೇಕು: ಸೌತ್ ಏಷ್ಯಾ ರಾಜಕೀಯ ಓದೋಕೆ ಪಾಂಡಿಚೇರಿನಾ, ದೆಹಲಿನಾ?

ಎಲ್ಲರಿಗೂ ನಮಸ್ಕಾರ, ನಾನು ದಾವಣಗೆರೆಯವನು, ಬಿಎ ಕೊನೇ ಸೆಮ್, ಪೂರ್ತಿ ಕನ್ನಡ ಮೀಡಿಯಂ. ಮುಂದೆ ಇಂಟರ್‌ನ್ಯಾಷನಲ್ ರಿಲೇಷನ್ಸ್‌ನಲ್ಲಿ ಎಂಎ ಮಾಡ್ಬೇಕು, ಅದ್ರಲ್ಲೂ ಶ್ರೀಲಂಕಾ, ನೇಪಾಳ, ಬಾಂಗ್ಲಾ ಕಡೆ ರಾಜಕೀಯ. 2017ರಲ್ಲಿ ಶ್ರೀಲಂಕಾದ ಹಂಬನ್‌ತೋಟ ಬಂದರನ್ನ ಚೀನಾ ಕಂಪನಿಗೆ 99 ವರ್ಷ ಲೀಸ್ ಕೊಟ್ಟಿದ್ದು ಓದಿದಾಗಿಂದ ಈ ಹುಚ್ಚು ಹತ್ತೈತೆ. ನಮ್ಮಪ್ಪ ಮಂಡಕ್ಕಿ ಭಟ್ಟೀಲಿ ಕೆಲಸ ಮಾಡ್ತಾರೆ, ಹೇಳಿದ್ರೆ ಮೈಮೇಲಿನ ಹೊಟ್ಟು ಕೊಡವಿಕೊಳ್ತಾ 'ಲಂಕಾ ಓದಿ ಇಲ್ಲಿ ಯಾವ ಕೆಲಸ ಸಿಗುತ್ತಪ್ಪಾ, ಬಿಎಡ್ ಮಾಡು' ಅಂತಾರೆ. ತಪ್ಪು ಅಂತಲೂ ಹೇಳೋಕಾಗಲ್ಲ.

ಪಾಂಡಿಚೇರಿ ಯೂನಿವರ್ಸಿಟೀಲಿ ಸೌತ್ ಏಷ್ಯನ್ ಸ್ಟಡೀಸ್ ಅಂತಲೇ ಎಂಎ ಐತೆ, ಅಲ್ಲಿಗಾಗ್ಲಿ ದೆಹಲಿಯ ಜೆಎನ್‌ಯೂಗಾಗ್ಲಿ ಸಿಯುಇಟಿ ಪಿಜಿ ಅನ್ನೋ ಎಂಟ್ರೆನ್ಸ್ ಪರೀಕ್ಷೆ ಬರೀಬೇಕು, 75 ಪ್ರಶ್ನೆ, ಸರಿಯಾದ್ರೆ 4 ಮಾರ್ಕ್ಸ್, ತಪ್ಪಾದ್ರೆ 1 ಕಟ್, ಪೇಪರ್ ಮಾತ್ರ ಇಂಗ್ಲಿಷ್ ಇಲ್ಲಾ ಹಿಂದಿ. ನನ್ ತಲೆಬಿಸಿ ಇದೇ. ಶಕ್ತಿ ಸಮತೋಲನ ಅಂದ್ರೆ ಎರಡು ಪುಟ ಬರೀತೀನಿ, ಅದನ್ನೇ ಬ್ಯಾಲೆನ್ಸ್ ಆಫ್ ಪವರ್ ಅಂತ ನಾಲ್ಕು ಆಪ್ಷನ್ ಕೊಟ್ರೆ ಎಲ್ಲಾ ಒಂದೇ ಥರ ಕಾಣುತ್ತೆ.

ಕನ್ನಡ ಮೀಡಿಯಂನಿಂದ ಹೋಗಿ ಓದಿದ ಅಣ್ಣಂದಿರು ಅಕ್ಕಂದಿರು ಯಾರಾದ್ರೂ ಇದ್ರೆ ಹೇಳಿ, ಮೊದಲ ಸೆಮ್ ಇಂಗ್ಲಿಷ್ ಹೆಂಗ್ ನಿಭಾಯಿಸಿದ್ರಿ, ಹಾಸ್ಟೆಲ್ ಊಟ ಸೇರಿ ತಿಂಗಳಿಗೆ ಎಷ್ಟಾಗುತ್ತೆ, ಓದಿ ಮುಗಿಸಿದವರು ಈಗ ಏನ್ ಮಾಡ್ತಿದಾರೆ. ಹಳೇ ಪ್ರಶ್ನೆಪತ್ರಿಕೆ ಇದ್ರೆ ಜೆರಾಕ್ಸ್ ಮಾಡಿಸ್ಕೊಂಡು ವಾಪಸ್ ಕೊಡ್ತೀನಿ, ಚಿತ್ರದುರ್ಗ ಆದ್ರೂ ಬರ್ತೀನಿ. ಕೆಎಎಸ್‌ಗೆ ಓದು ಅಂತ ಮಾತ್ರ ಹೇಳ್ಬೇಡಿ, ಅದನ್ನ ಮಾವ ದಿನಾ ಹೇಳ್ತಾರೆ.