ಹಾಲು, ಮೊಟ್ಟೆ, ಮೀನು, ಮಾಂಸ ಎಲ್ಲವನ್ನೂ ಬಿಟ್ಟರೆ ಆರೋಗ್ಯ ಸುಧಾರಿಸುತ್ತದೆಯೇ?

ತುಮಕೂರಿನವ:
ನಮ್ಮ ತಂದೆಗೂ ದೊಡ್ಡಪ್ಪನಿಗೂ ಐವತ್ತು ತುಂಬುವ ಮೊದಲೇ ಹೃದಯಾಘಾತವಾಗಿತ್ತು. ನನ್ನ ರಕ್ತಪರೀಕ್ಷೆಯಲ್ಲಿಯೂ ಕೆಟ್ಟ ಕೊಲೆಸ್ಟ್ರಾಲ್ ಏರತೊಡಗಿದಾಗ ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟೆ. ಈಗ ಅದು ಇಳಿದಿದೆ. ಪ್ರಾಣಿದಯೆ ಬೇರೆಯದೇ ಚರ್ಚೆ. ಇಲ್ಲಿ ಆರೋಗ್ಯದ ಕಾರಣಗಳನ್ನಷ್ಟೇ ಇಡುತ್ತೇನೆ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 22 ಜೋಡಿ ತದ್ರೂಪಿ ಅವಳಿಗಳ ಅಧ್ಯಯನವನ್ನು ಪ್ರಕಟಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಎಂಟು ವಾರ ವೀಗನ್ ಊಟ, ಅಂದರೆ ಪ್ರಾಣಿಗಳಿಂದ ಬರುವ ಏನೂ ಇಲ್ಲದ ಊಟ, ಇನ್ನೊಬ್ಬರಿಗೆ ಮಾಂಸವೂ ಸೇರಿದ, ಆದರೆ ಒಳ್ಳೆಯದೇ ಆದ ಊಟ. ವೀಗನ್ ಊಟ ಮಾಡಿದವರ ಕೆಟ್ಟ ಕೊಲೆಸ್ಟ್ರಾಲ್ ಡೆಸಿಲೀಟರಿಗೆ ಸುಮಾರು 14 ಮಿಲಿಗ್ರಾಂನಷ್ಟು ಹೆಚ್ಚು ಇಳಿಯಿತು. ಒಂದೇ ವಂಶವಾಹಿಯ ಇಬ್ಬರಲ್ಲಿ ಇಷ್ಟು ವ್ಯತ್ಯಾಸ ಬಂದರೆ ಅದಕ್ಕೆ ತಟ್ಟೆಯೇ ಕಾರಣವಲ್ಲವೇ? ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದವರು ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ ತೊಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸುತ್ತ ಬಂದಿದ್ದಾರೆ. ಅವರಲ್ಲಿ ಎಲ್ಲವನ್ನೂ ತಿನ್ನುವವರಲ್ಲಿ ಶೇ 7.6 ಮಂದಿಗೆ ಸಕ್ಕರೆ ಕಾಯಿಲೆ, ವೀಗನ್ನರಲ್ಲಿ ಶೇ 2.9. ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ 2015ರಲ್ಲಿ ಹೇಳಿದೆ. ಇಷ್ಟಿದ್ದೂ ಏಕೆ ಬಿಡಬಾರದು?

ಉಡುಪಿ_ಬಂಗುಡೆ:
ತುಮಕೂರಿನವರೇ, 2015ರ ಆ ವರದಿ ಸಾಸೇಜು, ಹ್ಯಾಮು, ಬೇಕನ್‌ನಂಥ ಸಂಸ್ಕರಿಸಿದ ಮಾಂಸಕ್ಕೆ ಸಂಬಂಧಿಸಿದ್ದು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇ 18ರಷ್ಟು ಏರುತ್ತದೆ ಎಂದಿತ್ತು. ಕುರಿ, ದನ, ಹಂದಿಗಳ ಕೆಂಪು ಮಾಂಸವನ್ನು ‘ಸಂಭಾವ್ಯ ಕಾರಣ’ ಎಂಬ ಕೆಳಗಿನ ವರ್ಗಕ್ಕೆ ಹಾಕಿತು. ಮೀನಿನ ಮೇಲೆ, ಕೋಳಿಯ ಮೇಲೆ ಆ ಆರೋಪವೇ ಇಲ್ಲ. ಎಲ್ಲವನ್ನೂ ‘ಪ್ರಾಣಿಜನ್ಯ’ ಎಂಬ ಒಂದೇ ಚೀಲಕ್ಕೆ ತುಂಬಬೇಡಿ.

ನೀವು ಹೇಳಿದ ಅಡ್ವೆಂಟಿಸ್ಟರ ಅಧ್ಯಯನವನ್ನೇ ಪೂರ್ತಿ ಓದಿ. 2013ರಲ್ಲಿ ಬಂದ ಸಾವಿನ ಲೆಕ್ಕದಲ್ಲಿ, ಎಲ್ಲವನ್ನೂ ತಿನ್ನುವವರಿಗೆ ಹೋಲಿಸಿದರೆ ವೀಗನ್ನರಲ್ಲಿ ಸಾವು ಶೇ 15 ಕಡಿಮೆ, ಬೇರೆ ಮಾಂಸ ಬಿಟ್ಟು ಮೀನು ತಿನ್ನುವವರಲ್ಲಿ ಶೇ 19 ಕಡಿಮೆ. ನಮ್ಮಲ್ಲಿ ಬೂತಾಯಿ, ಬಂಗುಡೆ ಬಡವರ ಮೀನು. ಮಿದುಳಿಗೂ ಹೃದಯಕ್ಕೂ ಬೇಕಾದ ಒಮೆಗಾ-3 ಎಂಬ ಕೊಬ್ಬು ಅದರಲ್ಲಿ ನೇರವಾಗಿ ಸಿಗುತ್ತದೆ. ಅಗಸೆ ಬೀಜದಲ್ಲಿರುವುದು ಅದರ ಇನ್ನೊಂದು ರೂಪ. ದೇಹ ಅದರಲ್ಲಿ ಅಲ್ಪ ಭಾಗವನ್ನು ಮಾತ್ರ ಬೇಕಾದ ರೂಪಕ್ಕೆ ಬದಲಿಸಿಕೊಳ್ಳುತ್ತದೆ.

ಆಹಾರತಜ್ಞೆ_ಧಾರವಾಡ:
ಇಬ್ಬರ ಅಂಕಿಗಳೂ ಸರಿಯಾಗಿವೆ, ಆದರೆ ಅವುಗಳಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಲಾಗದು. 15 ಮತ್ತು 19ರ ನಡುವಿನ ಅಂತರ ಮೀನನ್ನು ಗೆಲ್ಲಿಸುವಷ್ಟು ಖಚಿತವಲ್ಲ. ಅವಳಿಗಳ ಅಧ್ಯಯನದಲ್ಲಿ ವೀಗನ್ ಊಟದವರ ತೂಕವೂ ಹೆಚ್ಚು ಇಳಿದಿತ್ತು, ಹಾಗಾಗಿ ಕೊಲೆಸ್ಟ್ರಾಲ್ ಇಳಿದದ್ದರಲ್ಲಿ ಅದರದೂ ಪಾಲಿರಬಹುದು. ಅಡ್ವೆಂಟಿಸ್ಟರಲ್ಲಿ ಬೀಡಿ ಸಿಗರೇಟು, ಮದ್ಯ ಮುಟ್ಟದವರೇ ಬಹುಪಾಲು, ಹಾಗಾಗಿ ಅವರ ಅಂಕಿಗಳನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು.

ಆದರೂ ಹೃದಯದ ವಿಷಯದಲ್ಲಿ ತುಮಕೂರಿನವರ ವಾದಕ್ಕೆ ಬಲವಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರ ದೀರ್ಘ ಅಧ್ಯಯನದ 2019ರ ವರದಿಯಲ್ಲಿ ವೀಗನ್ನರೂ ಸೇರಿದ ಸಸ್ಯಾಹಾರಿಗಳಿಗೆ ಹೃದಯದ ರಕ್ತನಾಳ ಕಟ್ಟುವ ಕಾಯಿಲೆ ಶೇ 22 ಕಡಿಮೆ ಕಂಡಿತು. ಅದೇ ವರದಿಯಲ್ಲಿ ಪಾರ್ಶ್ವವಾಯು ಶೇ 20 ಹೆಚ್ಚು. 2020ರ ವರದಿಯಲ್ಲಿ, ಮಾಂಸ ತಿನ್ನುವವರಿಗಿಂತ ವೀಗನ್ನರಿಗೆ ಸೊಂಟದ ಮೂಳೆ ಮುರಿತ ಎರಡು ಪಟ್ಟಿಗೂ ಹೆಚ್ಚು. ಸಭೆಗಳಲ್ಲಿ ಭಾಷಣ ಮಾಡುವವರು ಮೊದಲನೆಯ ಅಂಕಿಯನ್ನು ಹೇಳಿ ಉಳಿದೆರಡನ್ನು ನುಂಗುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ಬಿ12 ಎಂಬ ವಿಟಮಿನ್ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಸಸ್ಯಗಳಿಂದ ಬರುವ ಆಹಾರದಲ್ಲಿ ಅದು ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ವೀಗನ್ ಆಗುವವರು ಮಾತ್ರೆ ನುಂಗಲೇಬೇಕು.

ಜೋಳದರೊಟ್ಟಿ_ವಿಜಯಪುರ:
ಮೇಡಂ, ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಅಜ್ಜ ಅಜ್ಜಿ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಮಡಕೆ ಕಾಳು ತಿಂದು ಎಂಬತ್ತು ದಾಟಿದರು. ಯಾವ ಮಾತ್ರೆಯನ್ನೂ ಕಾಣಲಿಲ್ಲ. ಬಿ12 ಮಣ್ಣಿನಲ್ಲಿದೆ, ಹೊಲದ ಸೊಪ್ಪಿನ ಜೊತೆ ದೇಹಕ್ಕೆ ಸೇರುತ್ತದೆ, ನಮ್ಮ ಕರುಳಿನಲ್ಲಿಯೂ ತಯಾರಾಗುತ್ತದೆ ಎಂದು ಪ್ರಕೃತಿ ಚಿಕಿತ್ಸೆಯವರು ಹೇಳುತ್ತಾರೆ. ಮಾತ್ರೆ ಇಲ್ಲದೆ ನಡೆಯದ ಊಟವನ್ನು ಸಹಜ ಊಟ ಎನ್ನುವುದು ಹೇಗೆ?

ಆಹಾರತಜ್ಞೆ_ಧಾರವಾಡ:
ನಿಮ್ಮ ಅಜ್ಜಿಯ ರೊಟ್ಟಿಯ ಪಕ್ಕದಲ್ಲಿ ಮೊಸರು, ಮಜ್ಜಿಗೆ ಇರಲಿಲ್ಲವೇ? ಇದ್ದರೆ ಅಲ್ಲಿಂದ ಬಿ12 ಬರುತ್ತಿತ್ತು. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಎಂಬ ಮಾತು ನಿಜ. ಹಸುವಿನ ಹೊಟ್ಟೆಯ ಮೊದಲ ಚೀಲದಲ್ಲಿ ಅವು ತಯಾರಿಸಿದ್ದು ಮುಂದೆ ಸಣ್ಣ ಕರುಳಿಗೆ ಹೋಗಿ ರಕ್ತಕ್ಕೆ ಸೇರುತ್ತದೆ. ನಮ್ಮಲ್ಲಿ ಆ ಬ್ಯಾಕ್ಟೀರಿಯಾ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ, ಬಿ12 ಹೀರಿಕೊಳ್ಳುವ ಜಾಗ ಇರುವುದು ಅದಕ್ಕಿಂತ ಮೊದಲು, ಸಣ್ಣ ಕರುಳಿನ ಕೊನೆಯಲ್ಲಿ. ತಯಾರಾದದ್ದು ಮಲದ ಜೊತೆ ಹೊರಗೆ ಹೋಗುತ್ತದೆ. ತೊಳೆಯದ ಸೊಪ್ಪು ತಿಂದರೆ ಬಿ12 ಸಿಗುವುದಕ್ಕಿಂತ ಮೊದಲು ಜಂತುಹುಳು ಬರುತ್ತದೆ.

ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ಸಂಗ್ರಹ ಇರುವುದರಿಂದ ಹೊಸದಾಗಿ ಬಿಟ್ಟವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಅಂಗಾಲು ಜುಮ್ಮೆನ್ನುತ್ತದೆ, ನಡಿಗೆ ತಪ್ಪುತ್ತದೆ, ಮರೆವು ಬರುತ್ತದೆ. ತಡವಾದರೆ ನರಗಳ ಹಾನಿ ಪೂರ್ತಿ ವಾಸಿಯಾಗುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇನ್ನೂ ಕಡಿಮೆಯಾಗುತ್ತದೆ. ಸಕ್ಕರೆ ಇಳಿಸಲೆಂದು ವೀಗನ್ ಆಗುವವರು ಅವರೇ ಅಲ್ಲವೇ? ಇನ್ನು ಸಹಜದ ಮಾತು. ಮಾತ್ರೆಯ ಬಿ12 ಅನ್ನು ತೊಟ್ಟಿಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದಿಂದಲೇ ತೆಗೆಯುತ್ತಾರೆ, ಅದಕ್ಕೆ ಪ್ರಾಣಿ ಬೇಕಿಲ್ಲ. ಅಯೋಡಿನ್ ಬೆರೆಸಿದ ಉಪ್ಪನ್ನು ನಾವೆಲ್ಲರೂ ತಕರಾರಿಲ್ಲದೆ ತಿನ್ನುತ್ತಿದ್ದೇವೆ.

ತುಮಕೂರಿನವ:
ಬಿ12 ವಿಷಯದಲ್ಲಿ ಮೇಡಂ ಹೇಳಿದ್ದು ಸರಿ, ನಾನು ಮೊದಲಿನಿಂದಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬ್ರಿಟನ್ನಿನಲ್ಲಿ ವೀಗನ್ ಸೊಸೈಟಿ ಹುಟ್ಟಿದ್ದು 1944ರಲ್ಲಿ, ಬಿ12 ಅನ್ನು ಬೇರ್ಪಡಿಸಿದ್ದು 1948ರಲ್ಲಿ. ಆಗಿನವರಿಗೆ ಗೊತ್ತಿರಲಿಲ್ಲ, ಈಗಿನವರಿಗೆ ಆ ನೆಪವಿಲ್ಲ. ಆದರೆ ಒಂದು ಮಾತ್ರೆಯಿಂದ ತುಂಬುವ ಕೊರತೆಯನ್ನು ಮುಂದಿಟ್ಟು ಇಡೀ ಊಟವನ್ನೇ ತಳ್ಳಿಹಾಕುವುದು ನ್ಯಾಯವಲ್ಲ. ತುಪ್ಪ, ಮಟನ್ ತಿಂದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುವವರನ್ನು ಯಾರೂ ಸಹಜವೇ ಎಂದು ಕೇಳುವುದಿಲ್ಲ.

ಮಂಡ್ಯ_ಹೈನುಗಾರ:
ಮೂಳೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ನಾಲ್ಕು ಹಸುಗಳಿವೆ, ಡೇರಿಗೆ ಹಾಲು ಹಾಕುತ್ತೇವೆ, ಮಕ್ಕಳಿಗೂ ಉಳಿಸಿಕೊಳ್ಳುತ್ತೇವೆ. ಹಾಲು ಬಿಟ್ಟರೆ ಕ್ಯಾಲ್ಸಿಯಂ ಎಲ್ಲಿಂದ?

ತುಮಕೂರಿನವ:
ನಿಮ್ಮ ಮಂಡ್ಯದ ಮುದ್ದೆಯಿಂದಲೇ ಅಣ್ಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನೂರು ಗ್ರಾಂ ಹಾಲಿನಲ್ಲಿ ಸುಮಾರು 120. ಎಳ್ಳಿನಲ್ಲಿ ಇನ್ನೂ ಹೆಚ್ಚು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ನಮ್ಮಲ್ಲಿ ಎಷ್ಟು ಜನರಿಲ್ಲ!

ಆಹಾರತಜ್ಞೆ_ಧಾರವಾಡ:
ರಾಗಿಯ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಎಂಬ ಅಂಶ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಫೈಟೇಟ್ ಕಡಿಮೆಯಾಗುತ್ತದೆ. ಕಾಳುಗಳ ಕಬ್ಬಿಣಕ್ಕೂ ಇದೇ ತೊಡಕು. ಕಬ್ಬಿಣ ಮೈಗೆ ಹತ್ತಬೇಕಾದರೆ ಹುರುಳಿ ಸಾರಿಗೆ ನಿಂಬೆ ಹಿಂಡಿ, ಊಟದ ಜೊತೆ ಕಾಫಿ ಟೀ ಬೇಡ.

ಶಿಕ್ಷಕಿ_ರಾಯಚೂರು:
ಇಷ್ಟು ಹೊತ್ತು ಓದುತ್ತಿದ್ದೆ. ದೊಡ್ಡವರ ಹೃದಯಕ್ಕೆ ಹೊಂದುವ ವಾದವನ್ನು ದಯವಿಟ್ಟು ಮಕ್ಕಳ ತಟ್ಟೆಗೆ ತರಬೇಡಿ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಎದ್ದ ವಿರೋಧ ನೆನಪಿದೆಯೇ? ತಿನ್ನದವರಿಗೆ ಬಾಳೆಹಣ್ಣು ಇತ್ತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಬಿ12 ಇದೆ. ಬಾಳೆಹಣ್ಣಿನಲ್ಲಿ ಒಂದು ಗ್ರಾಂನಷ್ಟು ಪ್ರೋಟೀನ್, ಬಿ12 ಇಲ್ಲವೇ ಇಲ್ಲ. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಇಬ್ಬರಿಗೆ ರಕ್ತಹೀನತೆ ಎಂದು ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆಯ್ದು ಬಿಡುವವರಿಗೆ ಮಾತ್ರೆಯೂ ಸಿಗುತ್ತದೆ, ಪರೀಕ್ಷೆಯೂ ಸಿಗುತ್ತದೆ. ನನ್ನ ತರಗತಿಯ ಮಕ್ಕಳಿಗೆ ಸಿಗುವುದು ಆ ಮೊಟ್ಟೆ.

ತುಮಕೂರಿನವ:
ಶಾಲೆಯ ಮೊಟ್ಟೆಯನ್ನು ಕಿತ್ತುಕೊಳ್ಳಿ ಎಂದು ನಾನು ಎಲ್ಲಿಯೂ ಹೇಳಿಲ್ಲ, ಹೇಳುವುದೂ ಇಲ್ಲ. ಶೇಂಗಾ ಚಿಕ್ಕಿ, ಸೋಯಾ ಸೇರಿಸಲಿ ಎನ್ನುತ್ತೇನೆ. ನನ್ನ ಮಾತು ನಮ್ಮ ಮನೆಯಂಥ ಮನೆಗಳ ನಡುವಯಸ್ಸಿನವರಿಗೆ, ಅದರಿಂದ ಹಿಂದೆ ಸರಿಯುವುದಿಲ್ಲ.

ಉಡುಪಿ_ಬಂಗುಡೆ:
ಹಾಗಾದರೆ ಇದನ್ನೂ ಸೇರಿಸಿಕೊಳ್ಳಿ. ಬೇಕರಿಯ ಎಷ್ಟೋ ಬಿಸ್ಕತ್ತು, ಆಲೂಗಡ್ಡೆ ಚಿಪ್ಸ್, ಸಕ್ಕರೆ ತುಂಬಿದ ತಂಪು ಪಾನೀಯ ಎಲ್ಲವೂ ವೀಗನ್. ನಮ್ಮ ಕರಾವಳಿಯ ತೆಂಗಿನೆಣ್ಣೆಯೂ ವೀಗನ್, ಅದರ ಕೊಬ್ಬಿನಲ್ಲಿ ಶೇ 90ರಷ್ಟು ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಬಗೆಯದು, ತುಪ್ಪಕ್ಕಿಂತಲೂ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಮಾಂಸ ಮುಟ್ಟದ ಮನೆಗಳೂ ಅದರಲ್ಲಿವೆ. ಬಿಳಿ ಅನ್ನದ ರಾಶಿಯ ಮೇಲೆ ತಿಳಿಸಾರು ಹಾಕಿಕೊಂಡವರನ್ನು ಹಾಲು ಬಿಡಿಸಿ ಉಳಿಸಲಾಗದು.

ಮೈಸೂರಿನ_ಅತ್ತೆ:
ನನ್ನ ಸೊಸೆ ಮೂರು ತಿಂಗಳ ಗರ್ಭಿಣಿ. ಹಾಲು, ಮೊಸರು ಎರಡನ್ನೂ ಬಿಟ್ಟಿದ್ದಾಳೆ. ಒತ್ತಾಯ ಮಾಡಿದರೆ ಬೇಸರ ಮಾಡಿಕೊಳ್ಳುತ್ತಾಳೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾಳೆ. ಸಾಕೇ ಅಮ್ಮ?

ಆಹಾರತಜ್ಞೆ_ಧಾರವಾಡ:
ಸಾಲದು ಅಮ್ಮ. ಆ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ, ಬಿ12 ಅಲ್ಲ. ಅದನ್ನು ನಿಲ್ಲಿಸಬಾರದು. ಆದರೆ ಬಿ12 ಕೊರತೆಯ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಮರೆಮಾಚಬಲ್ಲದು, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ತಾಯಿಗೆ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲಿಯೂ ಕಡಿಮೆಯಾಗುತ್ತದೆ. ಅಂಥ ಕೂಸುಗಳು ನಗುವುದನ್ನು, ಕತ್ತು ನಿಲ್ಲಿಸುವುದನ್ನು ಮರೆತು ಕೈಕಾಲು ನಡುಗಿಸುತ್ತ ಆಸ್ಪತ್ರೆಗೆ ಬರುತ್ತವೆ. ಈ ವಾರವೇ ಸೊಸೆಯನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ, ಹಾಲು ಮೊಸರು ಬಿಟ್ಟಿರುವುದನ್ನು ಹೇಳಿ, ಬಿ12 ಪರೀಕ್ಷೆ ಮಾಡಿಸಿ. ಮಾತ್ರೆ ಸಾಕೋ ಇಂಜೆಕ್ಷನ್ ಬೇಕೋ ಅವರು ನಿರ್ಧರಿಸುತ್ತಾರೆ. ಪಾಚಿಯಿಂದ ತೆಗೆದ ಒಮೆಗಾ-3 ಬಗ್ಗೆಯೂ ಕೇಳಿ. ಹಾಲಿಗಾಗಿ ಮನೆಯಲ್ಲಿ ಜಗಳ ಬೇಡ. ಮಗು ಹುಟ್ಟಿದ ಮೇಲೆ ಮಾತ್ರ ಎದೆಹಾಲಿನ ಬದಲಿಗೆ ಬಾದಾಮಿ ಹಾಲು, ತೆಂಗಿನ ಹಾಲು ಕೊಡಲು ಯಾರು ಹೇಳಿದರೂ ಕೇಳಬೇಡಿ.